ಕಾಲಿನ ಬಲ ಸಾಲದು, ತಿರುವಿನ ಬುದ್ಧಿಯೂ ಬೇಕು

ಹಳೇ ಬಿಜಾಪುರ ಜಿಲ್ಲೆಗೂ ಸೈಕಲ್ಲಿಗೂ ಇರುವ ನಂಟು ಇವತ್ತಿನದಲ್ಲ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2014ರಲ್ಲಿ ಬಿಜಾಪುರ ಹೋಗಿ ವಿಜಯಪುರವಾಯಿತು. ಹೆಸರು ಬದಲಾದರೂ ಪೆಡಲ್ ತುಳಿಯುವ ಕಾಲು ಬದಲಾಗಲಿಲ್ಲ. ಕರ್ನಾಟಕದ ಸೈಕಲ್ ತಂಡದ ಮಾತು ಬಂದರೆ ಎಲ್ಲರ ಕಣ್ಣು ಮೊದಲು ಹೊರಳುವುದು ಈ ಎರಡು ಜಿಲ್ಲೆಗಳ ಕಡೆಗೇ. ಇದು ಹೆಮ್ಮೆಯ ಮಾತು, ಸರಿ. ಆದರೆ ಹೆಮ್ಮೆಯ ಹಿಂದೆ ಒಂದು ಕೊರತೆಯೂ ಇದೆ. ಅದನ್ನು ಊರವರು, ಅದರಲ್ಲೂ ಪೇಟೆಯವರು, ಒಮ್ಮೆ ಕಿವಿಗೆ ಹಾಕಿಕೊಳ್ಳುವುದು ಒಳ್ಳೆಯದು.

ಇಲ್ಲಿಯ ಹುಡುಗರು ಸೈಕಲ್ ಓಡಿಸಿ ಬೆಳೆದದ್ದು ನೇರ ರಸ್ತೆಯಲ್ಲಿ. ಬೆಳಗಾಗುವ ಮೊದಲೇ ಎದ್ದು, ಹೆದ್ದಾರಿ ಹಿಡಿದು, ಮೂವತ್ತು–ನಲವತ್ತು ಮೈಲಿ ತುಳಿದು ಬರುವುದೇ ಅಭ್ಯಾಸ. ಕಾಲು ಕಬ್ಬಿಣವಾಗುತ್ತದೆ, ದಮ್ಮು ಬರುತ್ತದೆ. ಆದರೆ ಊರೊಳಗಿನ ಸುತ್ತಿನ ರೇಸು ಬೇರೆಯದೇ ಆಟ. ಅಲ್ಲಿ ಬರೀ ಕಾಲು ನಂಬಿ ಇಳಿದವನು ಹತ್ತು ನಿಮಿಷದಲ್ಲಿ ಹಿಂದೆ ಬೀಳುತ್ತಾನೆ.

ಸುತ್ತಿನ ರೇಸು ಎಂದರೇನು?

ಇದಕ್ಕೆ ಕ್ರೈಟೀರಿಯಂ ಎಂಬ ಭಾರೀ ಹೆಸರಿದೆ. ಹೆಸರಿಗೆ ಹೆದರುವುದು ಬೇಡ. ಸುಮಾರು ಒಂದು ಕಿಲೋಮೀಟರಿನ ರಸ್ತೆ, ನಾಲ್ಕು ತಿರುವು, ವಾಹನ ಬಂದ್. ಅದೇ ದಾರಿಯಲ್ಲಿ ಇಪ್ಪತ್ತು, ಮೂವತ್ತು, ನಲವತ್ತು ಸುತ್ತು. ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ನಡುವೆ ಗಂಟೆ ಬಾರಿಸಿದರೆ ಮುಂದಿನ ಸುತ್ತಿಗೆ ಬಿಡಿ ಬಹುಮಾನ. ಕೊನೆಯ ಸುತ್ತಿಗೂ ಗಂಟೆ. ಆಮೇಲೆ ಗೆರೆ ಮೊದಲು ದಾಟಿದವನು ಗೆದ್ದ. ಇಷ್ಟೇ.

ಕೇಳಲು ಸಲೀಸು. ಆದರೆ ಲೆಕ್ಕ ಹಾಕಿ ನೋಡಿ. ನಾಲ್ಕು ತಿರುವಿನ ರಸ್ತೆಯಲ್ಲಿ ಮೂವತ್ತು ಸುತ್ತು ಎಂದರೆ 120 ತಿರುವು. ಮುಂದಿರುವವನು ತಿರುವಿನಲ್ಲಿ ವೇಗ ಚೂರು ಇಳಿಸಿದರೆ ಅವನ ಹಿಂದಿನವನು ಇನ್ನಷ್ಟು ಇಳಿಸಬೇಕು. ನಲವತ್ತನೆಯವನು ಬ್ರೇಕ್ ಹಿಡಿದು ನಿಂತೇ ಬಿಡುತ್ತಾನೆ. ಅಷ್ಟರಲ್ಲಿ ಮುಂದಿನವನು ತಿರುವು ದಾಟಿ ಹಾರಿರುತ್ತಾನೆ. ಹಿಂದಿನವನು ಸತ್ತು ಬದುಕಿ ತುಳಿದು ಮತ್ತೆ ಗುಂಪು ಸೇರಬೇಕು. ಹೀಗೆ 120 ಸಲ! ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತು ಊರಿಗೆ ಹೋಗುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಹಂಪು ಒಂದೇ, ಮುಂದಿನ ಸೀಟಿನವರಿಗೆ ತೂಗಾಟ, ಹಿಂದಿನವರಿಗೆ ಎತ್ತಿ ಒಗೆತ.

ಅದಕ್ಕೇ ಅನುಭವಸ್ಥರು ಮೊದಲ ಹತ್ತು–ಹನ್ನೆರಡು ಜನರೊಳಗೇ ಇರುತ್ತಾರೆ. ಹಾಗಂತ ಎಲ್ಲರಿಗಿಂತ ಮುಂದೆಯೂ ನಿಲ್ಲುವುದಿಲ್ಲ. ಯಾಕೆ? ಗಾಳಿ.

ಗಾಳಿಯ ಬಾಡಿಗೆ

ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಸಮತಟ್ಟು ರಸ್ತೆಯ ಮೇಲೆ ಸವಾರನ ಶಕ್ತಿಯ ಹೆಚ್ಚಿನ ಪಾಲು ಗಾಳಿ ಸೀಳುವುದಕ್ಕೇ ಖರ್ಚು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳುವ ಶಕ್ತಿ ಎಂಟು ಪಟ್ಟು ಬೇಕು. ಮುಂದಿನವನ ಹಿಂದಿನ ಚಕ್ರಕ್ಕೆ ಒಂದೆರಡು ಅಡಿ ಅಂತರದಲ್ಲಿ ಅಂಟಿಕೊಂಡರೆ ಶ್ರಮದಲ್ಲಿ ಕಾಲು ಭಾಗದಷ್ಟಾದರೂ ಉಳಿತಾಯ. ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ, ಮುಂದೆ ಹೋಗುವವನು ಎಲ್ಲರ ಬಾಡಿಗೆ ಕಟ್ಟುತ್ತಾನೆ, ಹಿಂದಿರುವವರು ಪುಕ್ಕಟೆ ವ್ಯಾಪಾರ ಮಾಡುತ್ತಾರೆ.

ಹೊಸ ಹುಡುಗ ಮಾಡುವ ಮೊದಲ ತಪ್ಪೇ ಇದು. ಜನ ನೋಡಲಿ ಎಂದು ಮೊದಲ ಐದು ಸುತ್ತು ಎಲ್ಲರ ಮುಂದೆ ಎದೆ ಕೊಟ್ಟು ತುಳಿಯುತ್ತಾನೆ. ಚಪ್ಪಾಳೆ ಸಿಗುತ್ತದೆ. ಬಹುಮಾನ ಸಿಗುವುದಿಲ್ಲ. ಪಳಗಿದವನು ಹತ್ತಿರ ಬಂದು, 'ಏ ತಮ್ಮಾ, ಗಾಳಿಗೆ ಎದಿ ಕೊಡಬ್ಯಾಡ, ಯಾರದರ ಬೆನ್ನಿಗೆ ಇರು' ಎಂದರೂ ಆ ಹೊತ್ತಿನಲ್ಲಿ ಕಿವಿಗೆ ಹೋಗುವುದಿಲ್ಲ. ಇಪ್ಪತ್ತರ ಹುಡುಗನನ್ನು ನಲವತ್ತರ ಗುಮಾಸ್ತ ಸೋಲಿಸುವುದು ಹೀಗೆ.

ಇನ್ನು ಗುಂಪು ಬಿಟ್ಟು ಹಾರುವ ಆಟ. ಒಬ್ಬನೇ ಹಾರಿದರೆ ಗಾಳಿ ತಿನ್ನುತ್ತದೆ. ಮೂವರು–ನಾಲ್ವರು ಸೇರಿ ಹಾರಿ, ಸರದಿ ಮೇಲೆ ಮುಂದೆ ಬಂದರೆ ಗುಂಪಿಗೆ ಹಿಡಿಯುವುದು ಕಷ್ಟ. ಅದೂ ತಿರುವು ಹೆಚ್ಚಿದ್ದಷ್ಟೂ ಹಾರಿದವರಿಗೇ ಲಾಭ. ನಾಲ್ವರು ಬುಟ್ಟಿ ನೇಯ್ದ ಹಾಗೆ ತಿರುಗಿಬಿಡುತ್ತಾರೆ, ನಲವತ್ತು ಜನ ಸಾಲಾಗಿ ಬ್ರೇಕ್ ಹಿಡಿಯಬೇಕು. ಹಿಂದೆ ಉಳಿದ ಅವರ ಗೆಳೆಯರು ಗುಂಪಿನ ಮುಂದೆ ಬಂದು ಮೆಲ್ಲಗೆ ಓಡಿಸುತ್ತಾರೆ. 'ನೀ ಬೆನ್ನಹತ್ತು, ನಾ ಯಾಕ' ಎಂದು ಉಳಿದವರು ಮುಖ ಮುಖ ನೋಡುವಷ್ಟರಲ್ಲಿ ಬಹುಮಾನ ಕೈಬಿಟ್ಟಿರುತ್ತದೆ.

ಎಲ್ಲರೂ ಒಟ್ಟಿಗೇ ಕೊನೆಗೆ ಬಂದರೆ? ಗೆಲುವು ಬಹಳ ಸಲ ಗೆರೆಯ ಹತ್ತಿರ ತೀರ್ಮಾನವಾಗುವುದಿಲ್ಲ, ಕೊನೆಯ ತಿರುವಿನಲ್ಲಿ ಆಗುತ್ತದೆ. ತಿರುವಿನಿಂದ ಗೆರೆಗೆ ಇನ್ನೂರು ಮೀಟರ್ ಮಾತ್ರ ಇದ್ದರೆ, ತಿರುವನ್ನು ಎರಡನೆಯವನೋ ಮೂರನೆಯವನೋ ಆಗಿ ದಾಟಿದವನಿಗೇ ಅವಕಾಶ. ಹದಿನೈದನೆಯವನು ಎಷ್ಟೇ ಗಟ್ಟಿಗನಾದರೂ ಗೆರೆ ಮುಗಿದುಹೋಗಿರುತ್ತದೆ.

ಬಿದ್ದರೆ ಯಾರ ಹೊಣೆ?

ಗೆಲುವು–ಸೋಲು ಹಾಗಿರಲಿ. ತಿರುವು ತಿಳಿಯದವನು ತಾನೂ ಬೀಳುತ್ತಾನೆ, ಹತ್ತು ಜನರನ್ನೂ ಕೆಡವುತ್ತಾನೆ. ಬ್ರೇಕ್ ಹಿಡಿಯಬೇಕಾದದ್ದು ತಿರುವಿಗೆ ಮೊದಲು, ತಿರುವಿನೊಳಗಲ್ಲ. ಒಳಗಡೆಯ ಪೆಡಲ್ ಮೇಲಿರಬೇಕು, ಕೆಳಗಿದ್ದರೆ ನೆಲಕ್ಕೆ ತಾಗಿ ಸೈಕಲ್ ಎಗರುತ್ತದೆ. ಭಾರ ಹೊರಗಿನ ಕಾಲಿನ ಮೇಲೆ, ಕಣ್ಣು ತಿರುವಿನ ಆಚೆಗೆ. ತನ್ನ ಗೆರೆ ಬಿಟ್ಟು ಅಡ್ಡ ಬರಬಾರದು. ಮುಂದಿನವನ ಹಿಂದಿನ ಚಕ್ರಕ್ಕೆ ತನ್ನ ಮುಂದಿನ ಚಕ್ರ ಸವರಿದರೆ ಸಾಮಾನ್ಯವಾಗಿ ಬೀಳುವವನು ಹಿಂದಿನವನೇ. ಮಳೆ ಬಿದ್ದಾಗ ಬಿಳಿ ಪಟ್ಟಿ, ಒಳಚರಂಡಿ ಮುಚ್ಚಳ ಎಣ್ಣೆ ಸವರಿದ ಹಾಗೆ.

ಇದನ್ನೆಲ್ಲ ಪೇಪರ್ ಓದಿ ಕಲಿಯಲಾಗುವುದಿಲ್ಲ. ಗುಂಪಿನಲ್ಲಿ, ತಿರುವಿನಲ್ಲಿ, ನೂರು ಸಲ ಓಡಿಸಿಯೇ ಕಲಿಯಬೇಕು. ಎಲ್ಲಿ ಓಡಿಸಬೇಕು? ಹೆದ್ದಾರಿಯಲ್ಲಿ ಲಾರಿ ಹಿಂದೆ ಗಾಳಿ ತಪ್ಪಿಸಿಕೊಂಡು ಓಡಿಸುವುದು ಅಭ್ಯಾಸವಲ್ಲ, ಯಮನ ಜೊತೆ ಜೂಜು. ಲಾರಿಯವನು ಒಮ್ಮೆ ಬ್ರೇಕ್ ಒತ್ತಿದರೆ ಮನೆಗೆ ಹುಡುಗ ಬರುವುದಿಲ್ಲ, ಸುದ್ದಿ ಬರುತ್ತದೆ.

ಪೇಟೆಯವರ ತಕರಾರು

'ರಸ್ತೆ ಬಂದ್ ಮಾಡಿದ್ರ ವ್ಯಾಪಾರ ಹೆಂಗ್ರೀ?' ಎಂದು ಅಂಗಡಿಯವರು ಕೇಳುತ್ತಾರೆ. 'ಬಸ್ ಎಲ್ಲಿ ಹಾಸಿ ಹೋಗ್ತಾವ?' ಎಂದು ಪ್ರಯಾಣಿಕರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆ. ಮೆರವಣಿಗೆ, ಸಭೆ, ಸ್ವಾಗತ ಎಂದು ಹೇಳದೆ ಕೇಳದೆ ರಸ್ತೆ ಕಟ್ಟಿಸಿಕೊಂಡು ಬಿಸಿಲಲ್ಲಿ ನಿಂತವರಿಗೆ ಸಿಟ್ಟು ಬಾರದೆ ಇರುತ್ತದೆಯೇ?

ಆದರೆ ಪರದೇಶದ ಕಥೆ ಕೇಳಿ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಸೀಮೆಯಲ್ಲಿ ಊರ ಜಾತ್ರೆಯ ಜೊತೆಗೇ ಇಂಥ ಸುತ್ತಿನ ರೇಸು ನಡೆಯುತ್ತದೆ. ಅದಕ್ಕೆ ಕೆರ್ಮೆಸ್ ಎಂದೇ ಹೆಸರು, ಎಂದರೆ ಜಾತ್ರೆ. ಅಮೇರಿಕದ ನ್ಯೂಜೆರ್ಸಿಯ ಸೋಮರ್‌ವಿಲ್ ಎಂಬ ಚಿಕ್ಕ ಊರಿನಲ್ಲಿ 1940ರಲ್ಲಿ ರೇಸು ಹುಟ್ಟುಹಾಕಿದವನು ಯಾವ ಮಂತ್ರಿಯೂ ಅಲ್ಲ, ಸೈಕಲ್ ಅಂಗಡಿಯ ಫ್ರೆಡ್ ಕುಗ್ಲರ್. ಪೇಟೆಯ ಬೀದಿಯಲ್ಲೇ ರೇಸು. ಮೊದಲ ವರ್ಷ ಗೆದ್ದದ್ದು ಅವನ ಮಗ. ಆ ಮಗ ಮಹಾಯುದ್ಧದಲ್ಲಿ ತೀರಿಕೊಂಡ. ಯುದ್ಧದಿಂದ ನಿಂತಿದ್ದ ರೇಸನ್ನು ಊರು 1947ರಲ್ಲಿ ಮತ್ತೆ ಶುರು ಮಾಡಿತು. ಒಬ್ಬ ಅಂಗಡಿಯವ ಮನಸ್ಸು ಮಾಡಿದ್ದಕ್ಕೆ ಒಂದು ಊರಿಗೆ ಹೆಸರು ಬಂತು.

ಇಲ್ಲಿ ಕೇಳುತ್ತಿರುವುದು ಅಷ್ಟೂ ಅಲ್ಲ. ಭಾನುವಾರ ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ, ಬಸ್ ಓಡಾಡದ, ಅಂಗಡಿ ಇಲ್ಲದ ಒಂದು ರಸ್ತೆ. ಕೈಗಾರಿಕಾ ವಸಾಹತುಗಳಲ್ಲಿ ಭಾನುವಾರ ಬಹುತೇಕ ಬೀಗ. ಪ್ಲಾಟು ಹಾಕಿ ಮನೆ ಏಳದ ಬಡಾವಣೆಗಳಲ್ಲಿ ರಸ್ತೆ ಮೇಲೆ ದನ ಮಲಗುತ್ತವೆ. ಅಂಥ ಒಂದು ಕಡೆ ಗುಂಡಿ ಮುಚ್ಚಿಸಿ, ಹಂಪು ಇಲ್ಲದ ಸುತ್ತು ಆರಿಸಿ, ತಿರುವಿನಲ್ಲಿ ಹುಲ್ಲಿನ ಹೊರೆ ಇಟ್ಟು, ಪ್ರತಿ ಓಣಿ ಬಾಯಿಗೆ ಒಬ್ಬ ಸೀಟಿ ಹಿಡಿದವನನ್ನು ನಿಲ್ಲಿಸಿದರೆ ಸಾಕು. ಹೆಲ್ಮೆಟ್ ಇಲ್ಲದವನಿಗೆ ಪ್ರವೇಶವಿಲ್ಲ. ಒಂದು ಆಂಬುಲೆನ್ಸ್. ಹೊಸಬರಿಗೆ ಬೇರೆ, ಪಳಗಿದವರಿಗೆ ಬೇರೆ ಓಟ. ಹುಡುಗಿಯರಿಗೂ ಅಷ್ಟೇ ಸುತ್ತು, ಅಷ್ಟೇ ಬಹುಮಾನ.

ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ, ಶಂಕುಸ್ಥಾಪನೆಯ ಕಲ್ಲು ಬೇಡ. ಪಾಲಿಕೆಯದೊಂದು ಆದೇಶ, ಪೊಲೀಸರದೊಂದು ಅನುಮತಿ, ಒಂದು ವಾರ ಮೊದಲು ಊರಿಗೆ ತಿಳಿಸುವ ಸೌಜನ್ಯ, ಇಷ್ಟು ಸಾಕು. ಎಂಟು ಗಂಟೆಗೆ ರಸ್ತೆ ಮತ್ತೆ ಊರಿನದು. ಇಷ್ಟು ಮಾಡಲು ಯಾರಿಗೆ ಏನು ಅಡ್ಡಿ ಎಂಬುದನ್ನು ಜನಪ್ರತಿನಿಧಿಗಳು ಹೇಳಲಿ. ಪದಕ ಬಂದ ಮೇಲೆ ಹಾರ ಹಿಡಿದು ರೈಲು ನಿಲ್ದಾಣಕ್ಕೆ ಓಡುವವರು, ಪದಕಕ್ಕೆ ಮೊದಲು ಒಂದೂವರೆ ಗಂಟೆ ರಸ್ತೆ ಬಿಟ್ಟುಕೊಡಲಿ.