ಊದಿದ ಕೈಯನ್ನು ಸೆರಗಿನಲ್ಲಿ ಮುಚ್ಚಬೇಡಿ

ಕಳೆದ ವರ್ಷ ಬಸವೇಶ್ವರನಗರದ ಪರಿಚಿತ ಕುಟುಂಬವೊಂದರ ಗೃಹಪ್ರವೇಶಕ್ಕೆ ಹೋಗಿದ್ದೆವು. ಆ ಮನೆಯ ಹಿರಿಯ ಸೊಸೆ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬಂದವರನ್ನು ಉಪಚರಿಸುತ್ತಿದ್ದರು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷಗಳ ಬಳಿಕ ಆ ಕೈ ಊದಿಕೊಂಡಿತ್ತು. "ಆನೆಕಾಲಿನ ರೋಗವಿರಬೇಕು, ಮಕ್ಕಳಿಗೂ ಅಂಟೀತು" ಎಂದು ನೆಂಟರೊಬ್ಬರು ಪಿಸುಗುಟ್ಟಿದ್ದು ಅವರ ಕಿವಿಗೂ ಬಿದ್ದಿತ್ತು. ಆ ತಾಯಿಯ ಕಣ್ಣೀರೇ ಈ ಲೇಖನಕ್ಕೆ ಪ್ರೇರಣೆ.

ನಮ್ಮ ದೇಹದಲ್ಲಿ ರಕ್ತನಾಳಗಳಲ್ಲದೆ ದುಗ್ಧರಸದ ಸೂಕ್ಷ್ಮ ನಾಳಗಳೂ ಇವೆ. ಅಂಗಾಂಶಗಳಲ್ಲಿ ಉಳಿದ ದ್ರವವನ್ನು ಇವು ಮರಳಿ ರಕ್ತಕ್ಕೆ ಸೇರಿಸುತ್ತವೆ. ಈ ಕಾಲುವೆ ಕೆಟ್ಟರೆ ದ್ರವ ನಿಂತು ಬಾವು ಬರುತ್ತದೆ. ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂಬುದು ಬರಿಗಣ್ಣಿಗೆ ಕಾಣದು.

ಇದನ್ನು ಕಾಣಿಸುವುದೇ ಲಿಂಫೋಸಿಂಟಿಗ್ರಫಿ ಎಂಬ ಪರೀಕ್ಷೆ. ಬೆರಳುಗಳ ಸಂದಿಯಲ್ಲಿ ಟೆಕ್ನೀಷಿಯಂ ಎಂಬ ವಿಕಿರಣ ವಸ್ತು ಸೇರಿದ ದ್ರವವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುತ್ತಾರೆ. ಅದು ಸಾಗುವ ದಾರಿಯನ್ನು ಗಾಮಾ ಕ್ಯಾಮರಾ ಚಿತ್ರಿಸುತ್ತದೆ. 6 ಗಂಟೆಗೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಗರ್ಭಿಣಿಯರು ಮಾತ್ರ ವೈದ್ಯರಿಗೆ ಮೊದಲೇ ತಿಳಿಸಬೇಕು. ರಕ್ತ ಹೆಪ್ಪುಗಟ್ಟಿ ಬಂದ ಬಾವೇ ಎಂಬುದನ್ನು ಡಾಪ್ಲರ್ ಪರೀಕ್ಷೆ ತಿಳಿಸುತ್ತದೆ. ಎಲ್ಲರಿಗೂ ಎಲ್ಲ ಪರೀಕ್ಷೆ ಬೇಕಿಲ್ಲ. ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ಇನ್ನು ಆನೆಕಾಲು. ನಮ್ಮ ಕಲಬುರಗಿ, ಬೀದರ್ ಸೀಮೆಗೂ ಕರಾವಳಿಗೂ ಪರಿಚಿತವಾದ ಈ ರೋಗ ಹರಡುವುದು ಕ್ಯೂಲೆಕ್ಸ್ ಸೊಳ್ಳೆಯಿಂದ, ಮುಟ್ಟಿದ್ದರಿಂದಲ್ಲ. 1994ರಲ್ಲಿ ಬ್ರೆಜಿಲ್ ದೇಶದ ವೈದ್ಯರು ದುಗ್ಧನಾಳಗಳೊಳಗೆ ಜೀವಂತ ಹುಳುಗಳು ಹೊರಳಾಡುವುದನ್ನು ಅಲ್ಟ್ರಾಸೌಂಡಿನಲ್ಲಿ ಕಂಡರು. ಹೊರಗೆ ಬಾವೇ ಇಲ್ಲದ ಸೋಂಕಿತರಲ್ಲಿಯೂ ನಾಳಗಳು ಕೆಟ್ಟಿರಬಲ್ಲವೆಂದು ಇಂತಹ ಚಿತ್ರಗಳಿಂದಲೇ ತಿಳಿಯಿತು. ಬಾವು ಕಾಣುವ ಹೊತ್ತಿಗೆ ಒಳಗಿನ ಕೇಡು ಹಳೆಯದಾಗಿರುತ್ತದೆ. ಸಂಕೋಚದಿಂದ ಕಳೆದ ಒಂದೊಂದು ತಿಂಗಳೂ ನಷ್ಟವೇ.

ಹಾಗೆಂದು ನಿರಾಶರಾಗಬೇಕಿಲ್ಲ. ಚರ್ಮವನ್ನು ದಿನವೂ ತೊಳೆದು ಒರೆಸುವುದು, ಗಾಯವಾಗದಂತೆ ಕಾಯುವುದು, ಒತ್ತುಪಟ್ಟಿ, ವ್ಯಾಯಾಮ ಇವುಗಳಿಂದ ಬಾವು ಹಿಡಿತಕ್ಕೆ ಬರುತ್ತದೆ. 1999ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯು ಇವುಗಳೊಂದಿಗೆ ಆಯುರ್ವೇದ, ಯೋಗಗಳನ್ನೂ ಸೇರಿಸಿ ಚಿಕಿತ್ಸೆ ನೀಡುತ್ತ ಬಂದಿದೆ.

ಆ ಸೊಸೆಯ ಪರೀಕ್ಷೆಯಲ್ಲಿ ಕಂಕುಳಿನ ಬಳಿ ದಾರಿ ಕಡಿದಿದ್ದುದು ಕಂಡಿತು. ಶಸ್ತ್ರಚಿಕಿತ್ಸೆಯಲ್ಲಿ ಅಲ್ಲಿಯ ಗ್ರಂಥಿಗಳನ್ನು ತೆಗೆದದ್ದೇ ಕಾರಣ. ಅದು ಯಾರಿಗೂ ಅಂಟುವುದಲ್ಲ. ಮೊನ್ನೆ ಮತ್ತೆ ಆ ಮನೆಗೆ ಹೋದಾಗ, ವೈದ್ಯರು ಕಲಿಸಿದಂತೆ ಅತ್ತೆಯವರೇ ಸೊಸೆಯ ಕೈಗೆ ಪಟ್ಟಿ ಸುತ್ತುತ್ತಿದ್ದರು. ಸೆರಗು ಅದರ ಜಾಗದಲ್ಲಿತ್ತು.