ತಪ್ಪು ತಾಯಿಯದಲ್ಲ

ಮೊನ್ನೆ ಶಾಲೆ ಬಿಟ್ಟ ಮೇಲೆ ಒಬ್ಬ ತಾಯಿ ನನ್ನ ಮುಂದೆ ಕಣ್ಣೀರು ಹಾಕಿದರು. ಮಗನಿಗೆ ಏಳು ವರ್ಷ. ಕರೆದರೆ ತಿರುಗಿ ನೋಡುವುದಿಲ್ಲ, ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ. "ನಾ ಬರೋಬ್ಬರಿ ಬೆಳಸಲಿಲ್ಲಂತ ಎಲ್ಲಾರೂ ಅಂತಾರ್ರಿ ಸರ. ರಾತ್ರಿ ನಿದ್ದಿ ಇಲ್ಲ, ಜೀವನಾನ ಬ್ಯಾಸರಾಗೇತಿ" ಅಂದರು.

ಈ ಆರೋಪ ಹಳೆಯದು. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಮೇಲೆ, ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರೇ ಹೇಳಿದ್ದರು. ಇಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ವಿಜ್ಞಾನ ಬಿಟ್ಟ ಮಾತನ್ನು ನಮ್ಮೂರ ಕಟ್ಟೆ ಇನ್ನೂ ಬಿಟ್ಟಿಲ್ಲ!

2016ರ ಕಾಯ್ದೆ 21 ಅಂಗವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ. ಆದರೆ ನಮ್ಮ ಉಮದಿಯ ಮಗುವಿನ ಮನೆಮಾತು ಕನ್ನಡ, ಜಿಲ್ಲೆಯ ವ್ಯವಹಾರ ಮರಾಠಿ. ಮೊದಲೇ ಮಾತು ಕಷ್ಟವಾದ ಮಗುವನ್ನು ತಿಳಿಯದ ಭಾಷೆಯಲ್ಲಿ ಪರೀಕ್ಷಿಸಿದರೆ ನಿಜ ಗೊತ್ತಾಗುವುದು ಹೇಗೆ? ಜತ್ ತಾಲೂಕಿಗೆ ಕನ್ನಡ ಬಲ್ಲ ವಿಶೇಷ ಶಿಕ್ಷಕರು ಬೇಕೇ ಬೇಕು.

ಅಲ್ಲಿಯವರೆಗೆ ನಾವು ಸುಮ್ಮನಿರಬೇಕೆ? ಆ ಮಗುವನ್ನು ಗಂಟೆಯಿಂದ ದೂರ ಕೂಡಿಸೋಣ. ದಿನದ ಕೆಲಸಗಳನ್ನು ಚಿತ್ರದಲ್ಲಿ ತೋರಿಸೋಣ. ತಾಯಿಗೆ ಮಗನ ದೂರು ಹೇಳುವ ಮೊದಲು "ನೀ ಉಂಡೇನವ್ವಾ?" ಎಂದು ಕೇಳೋಣ. ಮನಸ್ಸು ಕುಸಿದವರು ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಈ ನಂಬರನ್ನು ಶಾಲೆಯ ಗೋಡೆಗೆ ಬರೆಯಿರಿ. ನಾನು ನಾಳೆಯೇ ಬರೆಯುತ್ತೇನೆ.