ತೆಂಗಿನ ಚಿಪ್ಪಿನ ಬ್ಯಾಟರಿಯಿಂದ ರಾತ್ರಿಯೂ ತೋಟಕ್ಕೆ ಸೋಲಾರ್ ಕರೆಂಟ್: ನಿಜವೆಷ್ಟು?

“ತೆಂಗಿನ ಚಿಪ್ಪಿನಿಂದ ಬ್ಯಾಟರಿ ಬಂತು, ಇನ್ನು ರಾತ್ರಿಯೂ ಮೋಟರಿಗೆ ಬಿಸಿಲಿನ ಕರೆಂಟ್, ಎಲ್ಲ ರೈತರಿಗೂ ಕಳಿಸಿ.” ಇಂಥದ್ದೊಂದು ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಚಿಪ್ಪಿಗೇನೂ ಬರವಿಲ್ಲ. ಓದಿದವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಇದು ಅರ್ಧ ಮಾತ್ರ ನಿಜ.

ನಿಜದ ಭಾಗ ಮೊದಲು. ಲಿಥಿಯಂ ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಲಿಥಿಯಂ ದುಬಾರಿ. ಸೋಡಿಯಂ ಅಗ್ಗ, ಅಡುಗೆ ಉಪ್ಪಿನಲ್ಲೇ ಇದೆ. ಆದರೆ ಅದರ ಅಯಾನು ದೊಡ್ಡದು, ಗ್ರಾಫೈಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ತೆಂಗಿನ ಚಿಪ್ಪನ್ನು ಗಾಳಿ ತಾಗದಂತೆ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದರೆ ಸಿಗುವ ‘ಹಾರ್ಡ್ ಕಾರ್ಬನ್’ನಲ್ಲಿ ಪದರಗಳು ಅಡ್ಡಾದಿಡ್ಡಿಯಾಗಿರುತ್ತವೆ. ಆ ಸಂದುಗೊಂದುಗಳಲ್ಲಿ ಸೋಡಿಯಂಗೆ ಜಾಗವಾಗುತ್ತದೆ. ಹಾರ್ಡ್ ಕಾರ್ಬನ್ ಬಳಸುವ ಸೋಡಿಯಂ ಬ್ಯಾಟರಿಯನ್ನು ಚೀನಾದ ಸಿಎಟಿಎಲ್ ಕಂಪನಿ 2021ರಲ್ಲೇ ತೋರಿಸಿತು. ಆದರೆ ಚಿಪ್ಪು ಬ್ಯಾಟರಿಯ ಒಂದು ಬದಿಗೆ ಬೇಕಾದ ಕಚ್ಚಾವಸ್ತು ಅಷ್ಟೆ. ಹಿತ್ತಲಲ್ಲಿ ಸುಟ್ಟ ಇದ್ದಿಲನ್ನು ತುಂಬಿದರೆ ಬ್ಯಾಟರಿ ಆಗುವುದಿಲ್ಲ.

ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಉಂಡೆ ಕೊಬ್ಬರಿ ಮಾಡುವ ಸೀಮೆ ಇದು. ಕೂಡಿಡುವುದರ ಬೆಲೆಯನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕರೆಂಟಿನ ಅಟ್ಟ ಬಲು ದುಬಾರಿ. ಲೆಕ್ಕ ನೋಡಿ: 5 ಎಚ್‌ಪಿ ಮೋಟರು ಗಂಟೆಗೆ ಕಡಿಮೆಯೆಂದರೂ 4 ಯೂನಿಟ್ ತಿನ್ನುತ್ತದೆ. ನಾಲ್ಕು ಗಂಟೆ ಓಡಿದರೆ 16 ಯೂನಿಟ್. ಮನೆ ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ ಹಿಡಿಯುವುದೇ 1.8 ಯೂನಿಟ್. ಸೀಸದ ಬ್ಯಾಟರಿಯನ್ನು ಪೂರ್ತಿ ಬಸಿದರೆ ಬೇಗ ಕೆಡುತ್ತದೆ, ಹಾಗಾಗಿ ಧೈರ್ಯವಾಗಿ ಬಳಸಬಹುದಾದದ್ದು ಒಂದು ಯೂನಿಟ್ ಆಸುಪಾಸು. ಅಂದರೆ ಸುಮಾರು 16 ಬ್ಯಾಟರಿ! ಅವನ್ನೂ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು.

ಇಷ್ಟಕ್ಕೂ ರಾತ್ರಿ ತೋಟಕ್ಕೆ ಬೇಕಾಗಿರುವುದು ಕರೆಂಟೋ, ನೀರೋ? 500 ಅಡಿ ಆಳದಿಂದ 10,000 ಲೀಟರ್ ನೀರೆತ್ತಲು ಬರೀ ಭೌತಶಾಸ್ತ್ರದ ಲೆಕ್ಕಕ್ಕೇ 4 ಯೂನಿಟ್ ಬೇಕು. ಪಂಪು, ಮೋಟರು, ಪೈಪಿನ ನಷ್ಟ ಸೇರಿಸಿದರೆ 8ರ ಹತ್ತಿರ. ಬಿಸಿಲಿರುವಾಗಲೇ ಎತ್ತಿ ತೊಟ್ಟಿ ತುಂಬಿಸಿದರೆ ಅಷ್ಟು ಕೆಲಸ ಮುಗಿಸಿಟ್ಟಂತೆ. ತೊಟ್ಟಿ ತೋಟಕ್ಕಿಂತ ಎತ್ತರದಲ್ಲಿದ್ದರೆ ಆಮೇಲೆ ಗೇಟ್ ವಾಲ್ವ್ ತಿರುಗಿಸಿದರೆ ಸಾಕು. ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತ, ಸರಿರಾತ್ರಿ ಮೋಟರು ಹಾಕಲು ಹೋಗುವುದೂ ತಪ್ಪುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ಹಾಗಾದರೆ ಅದೇ ತೊಟ್ಟಿಗೆ ಟರ್ಬೈನ್ ಕೂರಿಸಿ ಕರೆಂಟ್ ತೆಗೆಯಬಹುದಲ್ಲ? ಅದೂ ಫಾರ್ವರ್ಡ್ ಸರಕೇ. ತೊಟ್ಟಿ 10 ಮೀಟರ್ ಎತ್ತರದಲ್ಲಿದ್ದರೂ 10,000 ಲೀಟರಿನಿಂದ ಸಿಗುವುದು ಹೆಚ್ಚೆಂದರೆ ಕಾಲು ಯೂನಿಟ್, ಒಂದು ಫ್ಯಾನು ಮೂರು ಗಂಟೆ ತಿರುಗುವಷ್ಟು.

ನೀರಿನಿಂದ ಕರೆಂಟನ್ನೇ ಕೂಡಿಡಬೇಕೆಂದರೆ ಬೆಟ್ಟ, ಜಲಾಶಯ ಬೇಕು. ತುಮಕೂರು ಜಿಲ್ಲೆಯದೇ ಆದ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟಿನದು. ಸೂರ್ಯ ಮುಳುಗಿದರೆ ಅದೂ ಸೊನ್ನೆ, ಮನೆಮನೆಯಲ್ಲಿ ದೀಪ ಹತ್ತುವುದೂ ಆಗಲೇ. ಈ ಕೊರತೆ ತುಂಬಲೆಂದು ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪಿಸಲಾಗಿದೆ. ಹಗಲು ನೀರನ್ನು ಮೇಲೆತ್ತುವುದು, ಸಂಜೆ ಕೆಳಗೆ ಬಿಡುವುದು. ಇಂಥ ಯೋಜನೆಗಳಲ್ಲಿ 100 ಯೂನಿಟ್ ಹಾಕಿದರೆ 75ರಿಂದ 80 ವಾಪಸ್ ಬರುತ್ತದೆ. ಆದರೆ ಆ ಜಾಗ ಸಿಂಗಳೀಕಗಳ ಅಭಯಾರಣ್ಯ. ವಿರೋಧ ಸುಮ್ಮನೆ ಹುಟ್ಟಿದ್ದಲ್ಲ.

ಮನೆಯ ದೀಪದ ಲೆಕ್ಕ ಬೇರೆ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬುಗಳನ್ನು ಐದು ಗಂಟೆ ಉರಿಸಲು ಯೂನಿಟಿನ ಐದನೇ ಒಂದು ಭಾಗವೂ ಬೇಡ. ಅದಕ್ಕೆ ಒಂದೇ ಬ್ಯಾಟರಿ ಧಾರಾಳ. ಮೋಟರಿಗೆಂದು ಯಾರಾದರೂ ಬ್ಯಾಟರಿ ಮಾರಲು ಬಂದರೆ ಮಾತ್ರ, ಒಟ್ಟು ಎಷ್ಟು ಯೂನಿಟ್ ಹಿಡಿಯುತ್ತದೆ, ಎಷ್ಟು ಸಲ ಚಾರ್ಜ್ ಮಾಡಬಹುದು ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.